ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್: ಮೊದಲ ಒಂದು ತಿಂಗಳು ದಾಟುವುದು ಹೇಗೆ?



ಸಂಘದಲ್ಲಿ ಸಾಲದ ಅರ್ಜಿ ಬರೆಯುವಾಗ ಹಸು, ಬಿತ್ತನೆ ಬೀಜ, ಮನೆ ರಿಪೇರಿ, ಮಕ್ಕಳ ಫೀಸು ಇವೆಲ್ಲ ನಮಗೆ ಗೊತ್ತಿರುವ ಉದ್ದೇಶಗಳು. ಇವುಗಳ ಜೊತೆಗೆ ಒಮ್ಮೊಮ್ಮೆ “ಮಗಳ ಕಣ್ಣಿನ ಲೆನ್ಸ್‌ಗೆ” ಎಂಬ ಮಾತೂ ಬರುತ್ತದೆ. ಸಾಲ ಮಂಜೂರಾಗುತ್ತದೆ, ಲೆನ್ಸ್ ಬರುತ್ತದೆ. ಹದಿನೈದು ದಿನ ಕಳೆಯುವುದರೊಳಗೆ “ಚುಚ್ಚುತ್ತೆ ಅಂತಾಳೆ, ನೀರು ಸುರಿಯುತ್ತೆ, ಅವಳಿಗೆ ಆಗಿಬರಲ್ಲ” ಎಂದು ಅದು ಬೀರುವಿನ ಒಳಗೆ ಸೇರುವುದೂ ಉಂಟು. ಕಂತು ಮಾತ್ರ ಪ್ರತಿ ವಾರ ಕಟ್ಟುತ್ತಲೇ ಇರಬೇಕು. ಹಣ ಹೋಗುವುದು ಒಂದು ನಷ್ಟ. ಕಪ್ಪು ಹಲಗೆ ಕಾಣದೆ ಹುಡುಗಿ ಓದಿನಲ್ಲಿ ಹಿಂದೆ ಬೀಳುವುದು ಅದಕ್ಕಿಂತ ದೊಡ್ಡ ನಷ್ಟ.

ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಕಣ್ಣು ಕೆಂಪಗಾಗಿ ಉರಿಯುತ್ತಿದ್ದರೂ “ಅಭ್ಯಾಸ ಆಗ್ಬೇಕಲ್ಲ” ಎಂದು ಸಹಿಸಿಕೊಂಡು ಹಾಕಿಕೊಳ್ಳುತ್ತಾರೆ. ಇದು ಕಣ್ಣಿಗೇ ಅಪಾಯ. ಹಾಗಾದರೆ ಯಾವ ತೊಂದರೆ ಸಹಜ, ಯಾವುದು ಅಪಾಯ? ಎಷ್ಟು ದಿನ ತಾಳಬೇಕು, ಯಾವಾಗ ತೆಗೆಯಬೇಕು? ಇದನ್ನು ತಿಳಿಯೋಣ.

ಅಸ್ಟಿಗ್ಮ್ಯಾಟಿಸಂ ಅಂದರೇನು?

ನಮ್ಮ ಕಣ್ಣಿನ ಕರಿಗುಡ್ಡೆಯ ಮುಂದೆ ಗಾಜಿನ ಹಾಗೆ ಪಾರದರ್ಶಕವಾದ ಒಂದು ಪದರ ಇದೆ. ಇದಕ್ಕೆ ಕಾರ್ನಿಯಾ ಅನ್ನುತ್ತಾರೆ. ಬೆಳಕು ಇದರ ಮೂಲಕವೇ ಒಳಗೆ ಹೋಗಬೇಕು. ಕಾರ್ನಿಯಾ ಚೆಂಡಿನ ಮೈಯಂತೆ ಎಲ್ಲ ಕಡೆ ಒಂದೇ ರೀತಿ ಬಾಗಿದ್ದರೆ ಬೆಳಕು ಒಳಗೆ ಒಂದೇ ಬಿಂದುವಿನಲ್ಲಿ ಸೇರುತ್ತದೆ. ಕೆಲವರ ಕಾರ್ನಿಯಾ ಊಟದ ಚಮಚದ ಬೆನ್ನಿನ ಹಾಗೆ ಇರುತ್ತದೆ: ಉದ್ದಕ್ಕೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು ಬಾಗು. ಆಗ ಬೆಳಕು ಒಂದು ಕಡೆ ಸೇರುವುದಿಲ್ಲ. ಅಕ್ಷರಕ್ಕೆ ನೆರಳು ಬಂದಂತೆ, ದೀಪದಿಂದ ಗೆರೆ ಎಳೆದಂತೆ ಕಾಣುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಡಾಕ್ಟರು ಬರೆದುಕೊಟ್ಟ ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂಬ ಕಡೆ ನಂಬರ್ ಇದ್ದರೆ ಅದು ಇದರದ್ದೇ ಲೆಕ್ಕ.

ಈ ದೋಷವನ್ನು 1801ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ತಮ್ಮ ಕಣ್ಣಿನಲ್ಲೇ ಕಂಡು ವಿವರಿಸಿದರು. ಮುಂದೆ 1820ರ ದಶಕದಲ್ಲಿ ಜಾರ್ಜ್ ಏರಿ ಎಂಬ ವಿಜ್ಞಾನಿ ತಮ್ಮ ಕಣ್ಣಿಗೆ ಸಿಲಿಂಡರ್ ಗಾಜಿನ ಕನ್ನಡಕ ಮಾಡಿಸಿಕೊಂಡರು. ಹಾಗಾಗಿ ಇದು ಹೊಸ ಕಾಯಿಲೆಯೂ ಅಲ್ಲ, ಯಾರದೋ ದೃಷ್ಟಿ ತಗಲಿ ಬಂದದ್ದೂ ಅಲ್ಲ. ಅಲ್ಪಸ್ವಲ್ಪ ಅಸ್ಟಿಗ್ಮ್ಯಾಟಿಸಂ ಬಹಳ ಜನರಿಗೆ ಇರುತ್ತದೆ. ಹೆಚ್ಚಿನವರಿಗೆ ಕನ್ನಡಕವೇ ಸಾಕು.

ಗಟ್ಟಿ ಲೆನ್ಸ್ ಯಾರಿಗೆ ಬೇಕು?

ಕೆಲವರಲ್ಲಿ ಕಾರ್ನಿಯಾದ ಬಾಗು ಒಂದು ಕ್ರಮದಲ್ಲಿ ಇರುವುದಿಲ್ಲ, ಅಂಕುಡೊಂಕಾಗಿರುತ್ತದೆ. ಪೆಟ್ಟು ಬಿದ್ದು ಅಥವಾ ಹುಣ್ಣಾಗಿ ಕಲೆ ಉಳಿದಿದ್ದರೆ ಹೀಗಾಗಬಹುದು. ಇನ್ನೊಂದು ಕಾರಣ ಕೆರಟೊಕೋನಸ್. ಇದರಲ್ಲಿ ಕಾರ್ನಿಯಾ ತೆಳುವಾಗುತ್ತಾ ಶಂಕುವಿನಂತೆ ಮುಂದಕ್ಕೆ ಚೂಪಾಗುತ್ತದೆ. ಸಾಮಾನ್ಯವಾಗಿ ಹರೆಯದಲ್ಲಿ, ಅಂದರೆ ಹೈಸ್ಕೂಲು, ಕಾಲೇಜಿನ ವಯಸ್ಸಿನಲ್ಲಿ ಶುರುವಾಗುತ್ತದೆ. ಅಲರ್ಜಿಯಿಂದ ಕಣ್ಣು ತುರಿಸಿ ಸದಾ ಉಜ್ಜುವ ಮಕ್ಕಳಲ್ಲಿ ಇದು ಹೆಚ್ಚು. ಪದೇ ಪದೇ ಕನ್ನಡಕದ ನಂಬರ್ ಬದಲಾಗುವುದು, ಸಿಲಿಂಡರ್ ಏರುತ್ತಾ ಹೋಗುವುದು, ಹೊಸ ಕನ್ನಡಕ ಹಾಕಿದರೂ ಸರಿ ಕಾಣದಿರುವುದು ಇದರ ಗುರುತು.

ಇಂಥವರಿಗೆ ಕನ್ನಡಕದಿಂದ ಪೂರ್ತಿ ಸ್ಪಷ್ಟತೆ ಸಿಗುವುದಿಲ್ಲ. ಸಾಧಾರಣ ಮೆತ್ತಗಿನ ಲೆನ್ಸ್ ಒದ್ದೆ ಬಟ್ಟೆಯ ಹಾಗೆ ಕಾರ್ನಿಯಾದ ಮೇಲೆ ಅಂಟಿ ಕೂರುತ್ತದೆ. ಕೆಳಗಿನ ಡೊಂಕು ಮೇಲೂ ಬರುತ್ತದೆ. ಕ್ರಮವಾದ ಅಸ್ಟಿಗ್ಮ್ಯಾಟಿಸಂಗೆ ಟೋರಿಕ್ ಎಂಬ ಬೇರೆ ಮೆತ್ತಗಿನ ಲೆನ್ಸ್ ಇದೆ, ಆದರೆ ಅಂಕುಡೊಂಕು ಜಾಸ್ತಿ ಇದ್ದರೆ ಅದೂ ಸಾಲದು. ಗಟ್ಟಿ ಲೆನ್ಸ್ ತನ್ನ ಆಕಾರವನ್ನು ಬಿಡುವುದಿಲ್ಲ. ಅದರ ಮತ್ತು ಕಾರ್ನಿಯಾದ ನಡುವೆ ಇರುವ ಸಂದಿಯಲ್ಲಿ ನಮ್ಮದೇ ಕಣ್ಣೀರು ತುಂಬಿಕೊಳ್ಳುತ್ತದೆ. ತಗ್ಗು ಬಿದ್ದ ನೆಲಕ್ಕೆ ಗಾರೆ ತುಂಬಿ ಸಮ ಮಾಡಿದ ಹಾಗೆ, ಕಣ್ಣೀರು ಡೊಂಕನ್ನು ತುಂಬಿ ಸಮ ಮಾಡುತ್ತದೆ. ಹಾಗಾಗಿ ನೋಟ ತಿಳಿಯಾಗುತ್ತದೆ.

1940ರ ದಶಕದಿಂದ ಬಂದ ಹಳೆಯ ಗಟ್ಟಿ ಲೆನ್ಸುಗಳಲ್ಲಿ ಗಾಳಿ ದಾಟುತ್ತಿರಲಿಲ್ಲ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಅದಕ್ಕೆ ಬೇಕಾದ ಆಮ್ಲಜನಕದ ಹೆಚ್ಚಿನ ಭಾಗ ಹೊರಗಿನ ಗಾಳಿಯಿಂದಲೇ ಬರಬೇಕು. 1970ರ ದಶಕದ ಕೊನೆಯಿಂದ ಆಮ್ಲಜನಕ ದಾಟುವ ಗಟ್ಟಿ ಲೆನ್ಸ್ ಬಂತು. ಆರ್‌ಜಿಪಿ ಲೆನ್ಸ್ ಅಂತ ಡಾಕ್ಟರು ಹೇಳುವುದು ಇದಕ್ಕೇ. ಗಾತ್ರ ಸುಮಾರು 9ರಿಂದ 10 ಮಿಲಿಮೀಟರ್, ಹಣೆಯ ಸ್ಟಿಕರ್ ಬೊಟ್ಟಿನಷ್ಟು.

ಒಂದು ಮಾತು ನೆನಪಿಡಿ. ಕೆರಟೊಕೋನಸ್ ಇದ್ದವರಿಗೆ ಲೆನ್ಸ್ ನೋಟ ಕೊಡುತ್ತದೆ, ರೋಗ ಮುಂದುವರಿಯುವುದನ್ನು ನಿಲ್ಲಿಸುವುದಿಲ್ಲ. ರೋಗ ಏರುತ್ತಿದ್ದರೆ ಕ್ರಾಸ್‌ಲಿಂಕಿಂಗ್ ಎಂಬ ಬೇರೆ ಚಿಕಿತ್ಸೆ ಇದೆ. ಅದಕ್ಕಾಗಿ ತಪಾಸಣೆ ತಪ್ಪಿಸಬಾರದು. ಕಣ್ಣು ಉಜ್ಜುವ ಅಭ್ಯಾಸವನ್ನು ಇಂದೇ ಬಿಡಿಸಬೇಕು.

ಮೊದಲು ಯಾಕೆ ಚುಚ್ಚುತ್ತದೆ?

ಹೊಸದಾಗಿ ಮೂಗುತಿ ಅಥವಾ ಕಾಲುಂಗುರ ಹಾಕಿದಾಗ ಹೇಗಾಗುತ್ತದೆ? ಹೊತ್ತು ಹೊತ್ತಿಗೂ ಅದರ ಕಡೆಗೇ ಗಮನ. ಕೆಲವು ದಿನ ಕಳೆದ ಮೇಲೆ ಅದು ಇದೆ ಅನ್ನೋದೇ ಮರೆತುಹೋಗುತ್ತದೆ. ಲೆನ್ಸ್ ಕೂಡ ಹಾಗೇ. ರೆಪ್ಪೆಯ ಅಂಚು ಬಹಳ ಸೂಕ್ಷ್ಮ. ಪ್ರತಿ ಸಲ ಕಣ್ಣು ಮಿಟುಕಿಸುವಾಗ ರೆಪ್ಪೆಯ ಅಂಚು ಲೆನ್ಸಿನ ಅಂಚಿಗೆ ತಾಗುತ್ತದೆ. ದಿನಕ್ಕೆ ಸಾವಿರಾರು ಸಲ ಮಿಟುಕಿಸುತ್ತೇವೆ. ಅದಕ್ಕೇ ಮೊದಲ ದಿನಗಳಲ್ಲಿ ಕಣ್ಣಿನಲ್ಲಿ ರೆಪ್ಪೆಕೂದಲು ಬಿದ್ದಂತೆ ಅನ್ನಿಸುತ್ತದೆ, ನೀರು ಬರುತ್ತದೆ. ನೀರು ಜಾಸ್ತಿ ಬಂದಾಗ ಲೆನ್ಸ್ ಜಾರಾಡಿ ಮಸುಕಾಗುತ್ತದೆ. ಬಿಸಿಲು ಹೆಚ್ಚು ಅನ್ನಿಸುತ್ತದೆ. ಮೇಲೆ ನೋಡಿದರೆ ಜಾಸ್ತಿ ತಾಗುತ್ತದೆ, ಕೆಳಗೆ ನೋಡಿದರೆ ಹಿತ ಅನ್ನಿಸುತ್ತದೆ.

ಹೆಚ್ಚಿನವರಿಗೆ ಇದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಎರಡರಿಂದ ನಾಲ್ಕು ವಾರದಲ್ಲಿ ಒಗ್ಗಿಹೋಗುತ್ತದೆ. ‘ಕಡಿಮೆಯಾಗುತ್ತಾ’ ಅನ್ನುವುದೇ ಮುಖ್ಯ ಮಾತು. ನಿನ್ನೆಗಿಂತ ಇಂದು ಸ್ವಲ್ಪ ವಾಸಿ ಎಂದಿರಬೇಕು. ದಿನದಿಂದ ದಿನಕ್ಕೆ ಹೆಚ್ಚಾದರೆ ಅದು ಅಭ್ಯಾಸದ ತೊಂದರೆಯಲ್ಲ. ಅಳತೆ ಸರಿ ಇಲ್ಲದಿರಬಹುದು, ಅಂಚು ಒರಟಾಗಿರಬಹುದು, ಕಣ್ಣಿಗೆ ಗಾಯವಾಗಿರಬಹುದು. ಡಾಕ್ಟರಿಗೆ ತೋರಿಸಲೇಬೇಕು.

ಗಂಟೆಯ ಲೆಕ್ಕ

ಮೊದಲ ದಿನವೇ ಬೆಳಗ್ಗೆಯಿಂದ ಸಂಜೆವರೆಗೆ ಹಾಕುವುದು ಬೇಡ. ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ:

1. ಮೊದಲ ದಿನ 2ರಿಂದ 4 ಗಂಟೆ ಮಾತ್ರ.
2. ನಂತರ ಪ್ರತಿ ದಿನ 1ರಿಂದ 2 ಗಂಟೆ ಹೆಚ್ಚಿಸುತ್ತಾ ಹೋಗುವುದು.
3. ದಿನ ಬಿಟ್ಟು ದಿನ ಹಾಕಬಾರದು. ಪ್ರತಿ ದಿನ ಹಾಕಿದರೆ ಮಾತ್ರ ರೆಪ್ಪೆ ಒಗ್ಗಿಕೊಳ್ಳುತ್ತದೆ.
4. ಜ್ವರ, ಶೀತ ಅಥವಾ ಬೇರೆ ಕಾರಣದಿಂದ ಹಲವು ದಿನ ಬಿಟ್ಟರೆ ಮತ್ತೆ ಕಡಿಮೆ ಗಂಟೆಯಿಂದ ಶುರು ಮಾಡಬೇಕು.
5. ಲೆನ್ಸ್ ಹಾಕಿಕೊಂಡು ಮಲಗಬಾರದು. ಮಧ್ಯಾಹ್ನದ ಸಣ್ಣ ನಿದ್ದೆಗೂ ತೆಗೆಯುವುದು ಒಳ್ಳೆಯದು.

ನಿಮ್ಮ ಡಾಕ್ಟರು ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಒಂದು ಕ್ಯಾಲೆಂಡರ್ ಹಾಳೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಹಾಕಿದಳು, ಹೇಗಿತ್ತು ಅಂತ ಮಗಳೇ ಬರೆಯಲಿ. ಸಂಘದಲ್ಲಿ ಉಳಿತಾಯದ ಪುಸ್ತಕ ಬರೆಯುವ ಹಾಗೆಯೇ. ಮುಂದಿನ ತಪಾಸಣೆಗೆ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ. ತಪಾಸಣೆಗೆ ಹೋಗುವ ದಿನ ಕಣ್ಣು ಚೆನ್ನಾಗಿದ್ದರೆ ಲೆನ್ಸನ್ನು ಒಂದೆರಡು ಗಂಟೆ ಮೊದಲೇ ಹಾಕಿಕೊಂಡು ಹೋಗಬೇಕು. ಆಗ ಅದು ಕಣ್ಣಿನ ಮೇಲೆ ಹೇಗೆ ಕೂತಿದೆ ಅಂತ ಅವರಿಗೆ ಕಾಣುತ್ತದೆ.

ಶುರುವಿನಲ್ಲಿ ಮನೆಯೊಳಗೆ ಹಾಕಲಿ. ಓದುವುದು, ಹೊಲಿಗೆ, ಅಕ್ಕಿ ಆರಿಸುವುದು ಇಂಥ ಕೆಳಗೆ ನೋಡುವ ಕೆಲಸ ಮಾಡಲಿ. ಚುಚ್ಚುತ್ತದೆ ಅಂತ ಅರ್ಧ ಅರ್ಧ ಮಿಟುಕಿಸುವುದು, ಗಲ್ಲ ಮೇಲೆತ್ತಿ ಕಣ್ಣು ಕಿರಿದು ಮಾಡಿ ನೋಡುವುದು ಸಹಜವಾಗಿ ಬರುವ ಅಭ್ಯಾಸ. ಇದರಿಂದ ಕಣ್ಣು ಒಣಗಿ ತೊಂದರೆ ಹೆಚ್ಚುತ್ತದೆ. ಮೆಲ್ಲಗೆ ಪೂರ್ತಿ ಕಣ್ಣು ಮುಚ್ಚಿ ತೆರೆಯುವುದನ್ನು ರೂಢಿಸಬೇಕು. ಲೆನ್ಸ್ ತೆಗೆದು ಕನ್ನಡಕ ಹಾಕಿದಾಗ ಸ್ವಲ್ಪ ಹೊತ್ತು ಮಸುಕಾಗಿ ಕಾಣಬಹುದು. ಅದು ಬಹಳ ಹೊತ್ತು ಇದ್ದರೆ ಡಾಕ್ಟರಿಗೆ ತಿಳಿಸಿ.

ಹಾಕುವುದು, ತೆಗೆಯುವುದು

ಆಸ್ಪತ್ರೆಯಲ್ಲಿ ಹಾಕಿ ತೆಗೆಯುವುದನ್ನು ಕಲಿಸುತ್ತಾರೆ. ಮಗಳಿಗೆ ಸ್ವತಃ ಮಾಡಲು ಬರುವವರೆಗೆ ಅಲ್ಲಿಂದ ಏಳಬೇಡಿ. “ಮನೆಗೆ ಹೋಗಿ ಕಲಿತ್ಕೋತೀವಿ” ಅನ್ನಬೇಡಿ. ಅಮ್ಮನೂ ಪಕ್ಕದಲ್ಲಿ ನಿಂತು ನೋಡಿಕೊಂಡರೆ ಒಳ್ಳೆಯದು.

ಮನೆಯಲ್ಲಿ ಮೊದಲು ಸೋಪಿನಿಂದ ಕೈ ತೊಳೆದು, ನೂಲು ಬಿಡದ ಶುಭ್ರ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಬೇಕು. ಉಗುರು ಚಿಕ್ಕದಾಗಿರಲಿ. ಮೇಜಿನ ಮೇಲೆ ಶುಭ್ರ ಬಟ್ಟೆ ಹಾಸಿ ಅದರ ಮೇಲೆ ಕನ್ನಡಿ ಇಟ್ಟುಕೊಂಡರೆ ಲೆನ್ಸ್ ಬಿದ್ದರೂ ಸಿಗುತ್ತದೆ. ಯಾವಾಗಲೂ ಬಲಗಣ್ಣಿನಿಂದಲೇ ಶುರು ಮಾಡಿ, ಅದಲು ಬದಲು ಆಗುವುದಿಲ್ಲ.

ತೆಗೆಯುವಾಗ ತಲೆ ಬಗ್ಗಿಸಿ, ಕಣ್ಣು ಅಗಲವಾಗಿ ತೆರೆದು, ಕಣ್ಣಿನ ಹೊರ ಮೂಲೆಯನ್ನು ಬೆರಳಿನಿಂದ ಕಿವಿಯ ಕಡೆಗೆ ಎಳೆದು ಮಿಟುಕಿಸಿದರೆ ಲೆನ್ಸ್ ಅಂಗೈಗೆ ಬೀಳುತ್ತದೆ. ಇದು ಬಾರದವರಿಗೆ ಚಿಕ್ಕ ರಬ್ಬರ್ ಬಟ್ಟಲಿನಂಥ ಸಾಧನ ಇದೆ, ಅದು ಲೆನ್ಸನ್ನು ಹೀರಿ ಹಿಡಿಯುತ್ತದೆ. ಲೆನ್ಸ್ ಕರಿಗುಡ್ಡೆಯ ಮೇಲೇ ಇದೆ ಅಂತ ಕನ್ನಡಿಯಲ್ಲಿ ನೋಡಿಯೇ ಅದನ್ನು ಬಳಸಬೇಕು.

“ಲೆನ್ಸ್ ಕಣ್ಣಿನ ಹಿಂದೆ ಹೋಗಿಬಿಟ್ಟರೆ?” ಎಂದು ತಾಯಂದಿರು ಹೆದರುತ್ತಾರೆ. ಹೋಗುವುದಿಲ್ಲ. ರೆಪ್ಪೆಯ ಒಳಪದರ ಮಡಚಿ ಕಣ್ಣಿನ ಬಿಳಿ ಭಾಗಕ್ಕೆ ಸೇರಿಕೊಂಡಿದೆ, ಹಿಂದಕ್ಕೆ ದಾರಿಯೇ ಇಲ್ಲ. ಬಿಳಿ ಭಾಗಕ್ಕೆ ಜಾರಬಹುದು ಅಷ್ಟೆ. ಉಜ್ಜದೆ, ಗಾಬರಿಯಾಗದೆ, ಕಲಿಸಿದ ರೀತಿಯಲ್ಲಿ ನಿಧಾನವಾಗಿ ತೆಗೆಯಬೇಕು. ಆಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ನೀರಿನ ವಿಷಯ: ಇದನ್ನು ಎರಡು ಸಲ ಓದಿ

ಲೆನ್ಸಿಗೆ ನಲ್ಲಿ ನೀರು, ಬಾವಿ ನೀರು, ಬೋರ್‌ವೆಲ್ ನೀರು ಯಾವುದೂ ತಾಗಬಾರದು. ಫಿಲ್ಟರ್ ನೀರು, ಕುದಿಸಿ ಆರಿಸಿದ ನೀರೂ ಬೇಡ. ನಾವು ಕುಡಿಯುವ ನೀರು ಹೊಟ್ಟೆಗೆ ಒಳ್ಳೆಯದಿರಬಹುದು, ಲೆನ್ಸಿಗೆ ಅಲ್ಲ. ನೀರಿನಲ್ಲಿ ಮತ್ತು ಮಣ್ಣಿನಲ್ಲಿ ಅಕಾಂಥಮೀಬಾ ಎಂಬ ಕಣ್ಣಿಗೆ ಕಾಣದ ಜೀವಿ ಇರುತ್ತದೆ. ಅದು ಲೆನ್ಸಿನ ಮೂಲಕ ಕಾರ್ನಿಯಾಕ್ಕೆ ಸೇರಿದರೆ ಭಯಂಕರ ನೋವಿನ ಹುಣ್ಣಾಗುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವೊಮ್ಮೆ ದೃಷ್ಟಿಯೇ ಹೋಗುತ್ತದೆ. ಗಟ್ಟಿ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಬಹುದು ಎಂದು ಹಿಂದೆ ಕೆಲವರು ಹೇಳುತ್ತಿದ್ದರು. ಈಗ ಹಾಗೆ ಮಾಡಬಾರದೆಂದೇ ಸಲಹೆ.

ಎಂಜಲು ಹಚ್ಚಿ ಹಾಕುವುದು, ಮನೆಯಲ್ಲಿ ಉಪ್ಪುನೀರು ಮಾಡಿಕೊಳ್ಳುವುದು ಕೂಡದು. ಸ್ನಾನಕ್ಕೆ, ಕೆರೆ ಹೊಳೆಗೆ ಇಳಿಯುವುದಕ್ಕೆ ಮೊದಲು ಲೆನ್ಸ್ ತೆಗೆಯಬೇಕು.

ಲೆನ್ಸ್ ತೆಗೆದ ಕೂಡಲೇ ಅಂಗೈಯಲ್ಲಿಟ್ಟು ಗಟ್ಟಿ ಲೆನ್ಸಿಗೆಂದೇ ಇರುವ ದ್ರಾವಣ ಹಾಕಿ ಬೆರಳ ತುದಿಯಿಂದ ಮೃದುವಾಗಿ ಉಜ್ಜಿ, ಡಾಕ್ಟರು ಹೇಳಿದ ದ್ರಾವಣದಿಂದಲೇ ತೊಳೆದು, ಡಬ್ಬಿಯಲ್ಲಿ ಹೊಸ ದ್ರಾವಣ ಹಾಕಿ ಇಡಬೇಕು. ನಿನ್ನೆಯ ದ್ರಾವಣದ ಮೇಲೆ ಸ್ವಲ್ಪ ಸುರಿದು ‘ಉಳಿಸುವುದು’ ಉಳಿತಾಯವಲ್ಲ. ಡಬ್ಬಿಯನ್ನು ದಿನವೂ ದ್ರಾವಣದಲ್ಲೇ ತೊಳೆದು ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಬದಲಾಯಿಸಿ.

ನಮ್ಮ ಮನೆಗೆ, ನಮ್ಮ ಕೆಲಸಕ್ಕೆ ತಕ್ಕ ಮಾತು

* ಮೆಣಸಿನಕಾಯಿ ಹೆಚ್ಚುವ, ಖಾರ ಕುಟ್ಟುವ ಮೊದಲೇ ಲೆನ್ಸ್ ಹಾಕಿ. ಖಾರ ಮುಟ್ಟಿದ ಕೈಯಲ್ಲಿ ಒಂದು ಸಲ ಸೋಪು ಹಾಕಿದರೆ ಖಾರ ಹೋಗುವುದಿಲ್ಲ.
* ಎಣ್ಣೆ ಸ್ನಾನ, ತಲೆಗೆ ಎಣ್ಣೆ ಹಚ್ಚುವುದು ಮುಗಿದು ಕೈ ಚೆನ್ನಾಗಿ ತೊಳೆದ ಮೇಲೆ ಲೆನ್ಸ್.
* ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ಹಚ್ಚಬೇಡಿ. ಹಚ್ಚಲೇಬೇಕೆಂದರೆ ಲೆನ್ಸ್ ಹಾಕಿದ ಮೇಲೆ ಹೊರಗಡೆ ತೆಳುವಾಗಿ ಹಚ್ಚಿ. ರಾತ್ರಿ ಮೊದಲು ಲೆನ್ಸ್ ತೆಗೆದು ಆಮೇಲೆ ಕಾಡಿಗೆ ಒರೆಸಿ.
* ಸೌದೆ ಒಲೆಯ ಹೊಗೆ, ರಾಗಿ ಭತ್ತದ ಒಕ್ಕಣೆ, ಅಡಿಕೆ ಸುಲಿಯುವ ಚಪ್ಪರ, ಸಿಮೆಂಟ್ ಕೆಲಸ ಇಲ್ಲೆಲ್ಲ ಧೂಳು ಲೆನ್ಸಿನ ಅಡಿಗೆ ಸೇರಿ ಚುಚ್ಚುತ್ತದೆ. ಆ ಹೊತ್ತು ಕನ್ನಡಕವೇ ವಾಸಿ.
* ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡಿ. ಬೈಕಿನಲ್ಲಿ ಗಾಜು ಇರುವ ಹೆಲ್ಮೆಟ್ ಅಥವಾ ಕೂಲಿಂಗ್ ಗ್ಲಾಸ್ ಇರಲಿ.
* ಧೂಳು ಹೊಕ್ಕರೆ ಉಜ್ಜಬೇಡಿ. ಲೆನ್ಸ್ ತೆಗೆದು, ದ್ರಾವಣದಿಂದ ತೊಳೆದು, ಕಣ್ಣು ಸರಿ ಅನ್ನಿಸಿದರೆ ಮಾತ್ರ ಮತ್ತೆ ಹಾಕಿ. ಶಾಲೆಯ ಚೀಲದಲ್ಲಿ ಡಬ್ಬಿ, ಚಿಕ್ಕ ದ್ರಾವಣದ ಬಾಟಲಿ, ಕನ್ನಡಕ ಮೂರೂ ಇರಲಿ.
* ಅಕ್ಕನ ಲೆನ್ಸ್ ತಂಗಿಗೆ ಬರುವುದಿಲ್ಲ. ಅಳತೆ ಬೇರೆ, ಸೋಂಕೂ ದಾಟುತ್ತದೆ.
* ಎದೆಹಾಲು, ಜೇನು, ಹರಳೆಣ್ಣೆ, ಮೆಡಿಕಲ್ ಅಂಗಡಿಯವರು ಕೊಟ್ಟ ಡ್ರಾಪ್ಸ್ ಯಾವುದನ್ನೂ ಹಾಕಬೇಡಿ. ಕೆಲವು ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇರುತ್ತದೆ. ಸೋಂಕು ಇದ್ದಾಗ ಅದು ಕೆಂಪನ್ನು ಮರೆಮಾಡಿ ಒಳಗಿನ ಹುಣ್ಣನ್ನು ಹೆಚ್ಚಿಸಬಹುದು.

ಯಾವಾಗ ತಾಳಬೇಕು, ಯಾವಾಗ ತೆಗೆಯಬೇಕು?

ತಾಳಬಹುದಾದದ್ದು (ಮೊದಲ ವಾರಗಳಲ್ಲಿ): ಲೆನ್ಸ್ ಇದೆ ಎಂಬ ಅರಿವು, ಸ್ವಲ್ಪ ನೀರು, ಸ್ವಲ್ಪ ತುರಿಕೆ, ಬಿಸಿಲಿಗೆ ಸ್ವಲ್ಪ ಕಣ್ಣು ಕಿರಿದಾಗುವುದು, ಒಮ್ಮೊಮ್ಮೆ ಮಸುಕು. ಲೆನ್ಸ್ ತೆಗೆದ ಕೂಡಲೇ ಹಿತ ಅನ್ನಿಸಬೇಕು.

ತಾಳಬಾರದ್ದು: ನೋವು, ಕಣ್ಣು ಕೆಂಪಾಗುವುದು, ಕೀವು ಅಥವಾ ಪಿಸರು, ಬೆಳಕು ನೋಡಲಾಗದಿರುವುದು, ನೋಟ ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ತೊಂದರೆ ನಿಲ್ಲದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಬಿಳಿ ಚುಕ್ಕೆ ಕಂಡರೆ, ನೋಟ ಕಡಿಮೆಯಾದರೆ ಕಾಯುವುದೇ ಬೇಡ, ತಕ್ಷಣ ಹೊರಡಿ. ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಕೊಂಡೊಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು. ನಾಳೆ ಸಂತೆಗೆ ಹೋದಾಗ ನೋಡೋಣ ಎನ್ನುವ ವಿಷಯ ಇದಲ್ಲ.

ತಾಯಂದಿರು ನೆನಪಿಡಬೇಕಾದದ್ದು ಇಷ್ಟೆ: ಅಭ್ಯಾಸದ ತೊಂದರೆ ಲೆನ್ಸ್ ತೆಗೆದರೆ ಹೋಗುತ್ತದೆ, ರೋಗದ ತೊಂದರೆ ತೆಗೆದ ಮೇಲೂ ಉಳಿಯುತ್ತದೆ.

ಸಾಲ ಕೊಡುವ ಮೊದಲು ಸಂಘ ಕೇಳಬೇಕಾದ್ದು

ಲೆನ್ಸಿನ ಬೆಲೆ ಒಂದು ಸಲದ ಖರ್ಚಲ್ಲ. ದ್ರಾವಣ ಮತ್ತೆ ಮತ್ತೆ ಕೊಳ್ಳಬೇಕು. ತಪಾಸಣೆಗೆ ಬಸ್ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ. ಲೆನ್ಸ್ ಕಳೆಯಬಹುದು, ಒಡೆಯಬಹುದು. ಕಣ್ಣಿನ ಆಕಾರ ಬದಲಾದರೆ ಅಳತೆ ಬದಲಾಗುತ್ತದೆ. ದ್ರಾವಣಕ್ಕೆ ದುಡ್ಡಿಲ್ಲ ಅಂತ ನೀರು ಬಳಸುವ ಸ್ಥಿತಿ ಬಂದರೆ ಲೆನ್ಸೇ ಅಪಾಯ. ಆದ್ದರಿಂದ ಸಾಲದ ಅರ್ಜಿಯಲ್ಲಿ ಒಂದು ವರ್ಷದ ಪೂರ್ತಿ ಖರ್ಚು ಬರೆಯಲಿ.

ಆಸ್ಪತ್ರೆಯಲ್ಲಿ ಹೀಗೆ ಕೇಳಿ: ಇವಳಿಗೆ ಕನ್ನಡಕ ಸಾಲದೇ? ಗಟ್ಟಿ ಲೆನ್ಸೇ ಏಕೆ? ಕೆರಟೊಕೋನಸ್ ಪರೀಕ್ಷೆ ಆಗಿದೆಯೇ? ಒಗ್ಗದಿದ್ದರೆ ಅಳತೆ ಬದಲಾಯಿಸಿ ಕೊಡುವಿರಾ, ಅದಕ್ಕೆ ಬೇರೆ ಹಣವೇ? ಬೇರೆ ಬಗೆಯ ಲೆನ್ಸ್ ಇದೆಯೇ? ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು, ಕಣ್ಣು ನಿಮ್ಮ ಮಗಳದು. ಮೊದಲ ತಪಾಸಣೆಗೆ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೂ ಹೋಗಬಹುದು. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ.

ಕೊನೆಯದಾಗಿ ಒಂದು ವಿಷಯ. ಮದುವೆಗೆ ಅಡ್ಡಿಯಾಗುತ್ತದೆ ಎಂದು ಕೆಲವರು ಮಗಳ ಕಣ್ಣಿನ ತೊಂದರೆಯನ್ನು ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಗೊತ್ತಾಗಬಾರದೆಂದು ರಾತ್ರಿಯೂ ಲೆನ್ಸ್ ತೆಗೆಯದೆ ಮಲಗಿದರೆ, ಕದ್ದು ಮುಚ್ಚಿ ನಲ್ಲಿ ನೀರಲ್ಲಿ ತೊಳೆದರೆ ಕಣ್ಣು ಉಳಿಯುವುದಿಲ್ಲ. ಲೆನ್ಸ್ ಹಾಕುವುದು ನಾಚಿಕೆಯ ವಿಷಯವಲ್ಲ. ಮನೆಯವರೆಲ್ಲರಿಗೂ ತಿಳಿದಿರಲಿ, ಅವಳಿಗೆ ಕನ್ನಡಿ, ಬೆಳಕು, ಹತ್ತು ನಿಮಿಷದ ಬಿಡುವು ಸಿಗಲಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಮನೆಗಳಲ್ಲಿ ಸದಾ ಕಣ್ಣು ಉಜ್ಜುವ, ಪದೇ ಪದೇ ಕನ್ನಡಕ ಬದಲಾಗುವ ಮಕ್ಕಳು ಯಾರಿದ್ದಾರೆ? ಅವರನ್ನು ತಪಾಸಣೆಗೆ ಯಾರು ಕರೆದೊಯ್ಯುತ್ತಾರೆ?
2. ಲೆನ್ಸ್ ತಂದು ಬಳಸದೆ ಬಿಟ್ಟವರು ಇದ್ದಾರೆಯೇ? ಹಳೆಯ ಲೆನ್ಸನ್ನು ಹಾಗೇ ಹಾಕಿಕೊಳ್ಳದೆ, ಮತ್ತೆ ಡಾಕ್ಟರಿಗೆ ತೋರಿಸಿ ಶುರು ಮಾಡಲು ಅವರಿಗೆ ಏನು ಸಹಾಯ ಬೇಕು?
3. ನೀರು, ಕಾಡಿಗೆ, ಡ್ರಾಪ್ಸ್ ಬಗ್ಗೆ ಇಂದು ತಿಳಿದದ್ದನ್ನು ಸಭೆಗೆ ಬಾರದ ಸದಸ್ಯೆಯರಿಗೆ ಯಾರು ಹೇಳುತ್ತಾರೆ?

ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ತಿಂಗಳ ಸಭೆಯಲ್ಲಿ ಏನಾಯಿತು ಅಂತ ನೋಡೋಣ.